ಇರಾ ಅಂದರೆ ಯಾರು?

ನನ್ನ ಮಗಳ ಹೆಸರೇನೆಂದು ನನಗೆ ಮೊದಲು ತಿಳಿಸಿದ್ದು ಸರ್ಕಾರ.

ಹೆತ್ತು ಇಪ್ಪತ್ತೆರಡು ದಿನವಾಗಿತ್ತು. ನಮ್ಮಮ್ಮ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ಮಲಗಿದ್ದರಿಂದ ಬಾಣಂತನಕ್ಕೆ ಅತ್ತೆ ಚನ್ನಬಸಮ್ಮನವರೇ ರಾಣೆಬೆನ್ನೂರಿನಿಂದ ಕುಂದಲಹಳ್ಳಿಗೆ ಬಂದಿದ್ದರು. ಅವರು ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತೀಡುತ್ತಿದ್ದಾಗ ನನ್ನ ಫೋನಿಗೆ ಸಂದೇಶ ಬಂತು: ಜನನ ಪ್ರಮಾಣಪತ್ರ ಸಿದ್ಧವಾಗಿದೆ. ತೆರೆದೆ. ತಾಯಿ ಶೀತಲ್. ತಂದೆ ಶಿವರಾಜ್. ಹುಟ್ಟಿದ ತಾರೀಖು ಸರಿ, ವಿಳಾಸ ಸರಿ, ಪಿನ್‌ಕೋಡ್ ಕೂಡ ಸರಿ. ಮಗುವಿನ ಹೆಸರು: ಇರಾ.

ಫ್ರಿಜ್ಜಿನ ಬಾಗಿಲಿಗೆ ನಾನೇ ಅಂಟಿಸಿದ ಪಟ್ಟಿಯಿತ್ತು. ನಲವತ್ತೊಂದು ಹೆಸರು. ನನ್ನವು ಹದಿನೆಂಟು, ಅಕ್ಕನವು ಹದಿಮೂರು, ಅಮ್ಮನವು ಒಂಬತ್ತು, ಮಾವನವರದು ಒಂದೇ ಒಂದು: ಸಿದ್ದಮ್ಮ. ಮಾವ ಸಿದ್ದರಾಮಪ್ಪನವರು ಹೈಸ್ಕೂಲು ಮಾಸ್ತರರಾಗಿ ನಿವೃತ್ತರಾದವರು. ತಮ್ಮ ತಾಯಿಯ ಹೆಸರನ್ನು ಅವರು ಸಲಹೆಯೆಂದು ಕಳಿಸಿರಲಿಲ್ಲ, ಸರಿಯುತ್ತರವೆಂದು ಕಳಿಸಿದ್ದರು. ಏಳನೇ ವಾರದ ಭಾನುವಾರ ನಾಮಕರಣ. ಅಷ್ಟರೊಳಗೆ ನಲವತ್ತು ಹೆಸರು ಹೊಡೆದುಹಾಕಿ ಒಂದನ್ನು ಉಳಿಸಬೇಕಿತ್ತು. ಪಟ್ಟಿಯನ್ನು ಎರಡು ಸಲ ಓದಿದೆ. ಇರಾ ಅದರಲ್ಲಿ ಇರಲಿಲ್ಲ.

ನನ್ನ ಗಂಡ ಶಿವರಾಜ್ ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ದಾಖಲೆಪತ್ರ ತಯಾರಿಸುವ ವಿಭಾಗದಲ್ಲಿದ್ದಾರೆ. ಹನ್ನೆರಡು ವರ್ಷಗಳಿಂದ ಒಂದೂ ಹೊಸ ಪುಟ ಬರೆದವರಲ್ಲ. ಹಳೆಯ ಕಡತ ತೆರೆಯುವುದು, ಹೆಸರು ತಾರೀಖು ಬದಲಾಯಿಸುವುದು, ಮುಂದಕ್ಕೆ ಕಳಿಸುವುದು. ಇದಕ್ಕೆ ಸಂಬಳವಿದೆ, ಎರಡು ಸಲ ಬಡ್ತಿಯೂ ಸಿಕ್ಕಿದೆ. ಸ್ವಂತ ಬುದ್ಧಿಯಿಂದ ಅವರು ಮಗುವಿಗೆ ಹೆಸರು ಹುಡುಕಿದ್ದಾರೆಂದರೆ ನಂಬುವುದು ಕಷ್ಟ. ಸಂಜೆ ಅವರು ಬೂಟು ಬಿಚ್ಚುವ ಮೊದಲೇ ಫೋನನ್ನು ಮುಖದ ಮುಂದೆ ಹಿಡಿದೆ.

ಅವರ ಮುಖದಲ್ಲಿ ಆಗ ಬಂದ ಬಣ್ಣವನ್ನು ಐದು ವರ್ಷದ ದಾಂಪತ್ಯದಲ್ಲಿ ನಾನು ಒಮ್ಮೆ ಮಾತ್ರ ನೋಡಿದ್ದೆ: ಒಲೆಯ ಮೇಲೆ ಹಾಲಿಟ್ಟು ಹುಬ್ಬಳ್ಳಿ ರೈಲು ಹತ್ತಿದ್ದು ತುಮಕೂರಿನಲ್ಲಿ ನೆನಪಾದಾಗ.

"ಸರ್‌ಪ್ರೈಸ್," ಎಂದರು.

"ಯಾರಿಗೆ?"

"ನಿನಗ."

"ಅಂದ್ರ ಏನು ಇರಾ ಅಂದ್ರ?"

"ಹೇಳ್ತೇನಿ. ಒಂದ್ ನಿಮಿಷ, ಕೈಕಾಲ್ ಮುಖ ತೊಳ್ಕೊಂಡ್ ಬಂದೆ."

ಕೈಕಾಲು ಮುಖ ತೊಳೆಯಲು ಫೋನು ಯಾಕೆ ಬೇಕು? ಬಚ್ಚಲಿನ ಚಿಲಕ ಬಿದ್ದು ಕಾಲು ತಾಸಾಯಿತು. ಒಳಗೆ ನೀರಿನ ಸದ್ದಿಲ್ಲ. ಗುಮಾಸ್ತರಂತೆ ಒಳಹೋದವರು ಪಂಡಿತರಾಗಿ ಹೊರಬಂದರು. ಕೈಕಾಲು ಒಣಗಿಯೇ ಇದ್ದವು.

"ಸಂಸ್ಕೃತ. ಸರಸ್ವತಿ ಅಂತ ಅರ್ಥ. ಮಾತಿನ ದೇವತಿ."

"ಇಷ್ಟು ಹೇಳಾಕ ಇಷ್ಟೊತ್ತ ಬೇಕಾತೇನು?"

"ಭೂಮಿ ಅಂತನೂ ಐತಿ. ನೀರು ಅಂತನೂ ಐತಿ."

"ಒಂದು ಹೇಳ್ರಿ ಸಾಕು."

"ಅದs ಅದರ ಚಂದ, ಒಂದ ಅಲ್ಲ!"

ಅತ್ತೆ ಎಣ್ಣೆಗೈ ಒರೆಸಿಕೊಂಡು ನಮ್ಮಿಬ್ಬರನ್ನೂ ನೋಡಿದರು. ಆಮೇಲೆ ನನ್ನೊಬ್ಬಳನ್ನೇ ನೋಡಿದರು. "ನನ್ನ ಮಗಗ ಇಂಥಾ ಹೆಸರು ಹೊಳಿಯಂಗಿಲ್ಲ. ಸಿದ್ದಮ್ಮ ಬ್ಯಾಡ ಅಂತ ನೀನs ಹೇಳಿ ಬರೆಸಿರಬೇಕು," ಎಂದರು. ನನ್ನ ಅನುಮಾನ ಗಂಡನ ಮೇಲೆ, ಅತ್ತೆಯ ಅನುಮಾನ ನನ್ನ ಮೇಲೆ. ಮಗುವಿಗೆ ಮಾತ್ರ ಯಾರ ಮೇಲೂ ಅನುಮಾನವಿರಲಿಲ್ಲ.

ಮರುದಿನ ಬೆಳಿಗ್ಗೆ ಮಾವನವರ ಫೋನು. ಸ್ಪೀಕರಿನಲ್ಲಿ ಪುಟ ಮಗುಚುವ ಸದ್ದು ಕೇಳುತ್ತಿತ್ತು.

"ಶಿವ್ಯಾ, ನಿಘಂಟು ತಗದೇನಿ. ಭೂಮಿ, ನೀರು, ಮಾತು. ಅಲ್ಲೀತನಕ ಚಲೋ ಐತಿ. ಮುಂದಿನ ಸಾಲು ಓದ್ಲೇನು?"

"ಬ್ಯಾಡಪ್ಪ, ಆಫೀಸಿಗೆ ಹೊತ್ತಾತು."

"ಸೆರೆ. ಕುಡಿಯೋ ಸೆರೆ ಅಂತ ಕೊಟ್ಟಾರ. ನಮ್ಮ ಮನಿತನದಾಗ ಕೆಮ್ಮಿನ ಔಷಧ ಸುದ್ದಾ ಮೂಸಿ ನೋಡಿ ಕುಡೀತಾರ. ನೀ ನನ್ನ ಮೊಮ್ಮಗಳಿಗೆ ಬಾಟ್ಲಿ ಅಂತ ಹೆಸರಿಟ್ಟೀ?"

ಆವತ್ತಿನಿಂದ ಶಿವರಾಜ್ ಪರಭಾಷೆಗಳ ಮೊರೆಹೋದರು. ಸಂಸ್ಕೃತ ಕೈಕೊಟ್ಟರೇನಂತೆ, ಜಗತ್ತಿನಲ್ಲಿ ಭಾಷೆಗಳಿಗೆ ಬರವೇ? ರಷ್ಯಾದಲ್ಲಿ ಇರಿನಾ ಎಂಬ ಹೆಸರಿನವರನ್ನು ಮುದ್ದಿನಿಂದ ಇರಾ ಎನ್ನುತ್ತಾರಂತೆ. ಮೂಲ ಗ್ರೀಕ್, ಅರ್ಥ ಶಾಂತಿ. ಹೀಬ್ರೂವಿನಲ್ಲಿ ಎಚ್ಚರವಾಗಿರುವವನು. ಮಾವೊರಿ ಎಂಬ ಭಾಷೆಯಲ್ಲಿ ಮೈಮೇಲಿನ ಮಚ್ಚೆ.

"ಕೂಸಿಗೆ ಮಚ್ಚಿ ಎಲ್ಲೈತ್ರಿ?"

"ಬರ್ತದ ತಡಿ."

ನಾವಿರುವ ನಾಲ್ಕು ಮಹಡಿಯ ಕಟ್ಟಡದಲ್ಲಿ ಸುದ್ದಿ ಲಿಫ್ಟಿಗಿಂತ ಬೇಗ ಹತ್ತುತ್ತದೆ. ಲಿಫ್ಟು ಎರಡರಲ್ಲೇ ನಿಲ್ಲುತ್ತದೆ. ಮೇಲಿನ ಮನೆಯ ಮಲಯಾಳಿ ಟೀಚರು ಮಗು ನೋಡಲು ಬಂದವರು ಹೆಸರು ಕೇಳಿ ಕೈಯಲ್ಲಿದ್ದ ಗಿಲಕಿಯನ್ನು ಮೆಲ್ಲಗೆ ಕೆಳಗಿಟ್ಟರು. "ನಮ್ಮಲ್ಲಿ ಇರ ಅಂದ್ರೆ ಹುಲಿ ಹಿಡಿಯುತ್ತಲ್ಲ, ಆ ಪ್ರಾಣಿ. ಬೇಟೆ ಆಗೋದು. ಪರ್ವಾಗಿಲ್ಲ, ಕ್ಯೂಟ್ ಆಗಿದೆ," ಎಂದರು. ಎದುರುಮನೆಯ ತಮಿಳಿನವರು ತಮ್ಮ ಹಳೆಯ ಮಾತಿನಲ್ಲಿ ಇರಾ ಅಂದರೆ ರಾತ್ರಿ ಎಂದು ಹೇಳಿ ಮಗುವಿನ ಬಣ್ಣವನ್ನು ಒಮ್ಮೆ ನೋಡಿದರು. ಅತ್ತೆ ಅವರಿಗೆ ಚಹಾ ಕೊಡಲಿಲ್ಲ. ಸ್ಪ್ಯಾನಿಷ್ ಕಲಿಯುವ ಹುಡುಗಿಯೊಬ್ಬಳು ಅದು ಸಿಟ್ಟು ಎಂದಳು. ಕಂಪನಿ ಖರ್ಚಿನಲ್ಲಿ ಎರಡು ವರ್ಷ ಜಪಾನಿನಲ್ಲಿದ್ದು ಬಂದ ಕೆಳಮನೆಯ ಇಂಜಿನಿಯರ್, ಅಲ್ಲಿ ಕಿರಿಕಿರಿಯಾದಾಗ "ಇರ ಇರ" ಎನ್ನುತ್ತಾರೆಂದು ತಿಳಿಸಿ, ಮಗು ಕಿರುಚತೊಡಗಿದಾಗ "ನೋಡಿದ್ರಾ?" ಎಂದು ಹೋದ.

ಬೇರೆಯವರಾಗಿದ್ದರೆ ಇಷ್ಟು ಹೊತ್ತಿಗೆ ಸೋಲೊಪ್ಪುತ್ತಿದ್ದರು. ನಮ್ಮವರು ಆಫೀಸಿನಲ್ಲಿ ಕೂತು ಕೋಷ್ಟಕ ಮಾಡಿದರು. ಭಾಷೆ, ಅರ್ಥ, ಮೂಲ, ಷರಾ. ಒಳ್ಳೆಯ ಅರ್ಥಕ್ಕೆ ಹಸಿರು ಬಣ್ಣ, ಕೆಟ್ಟದ್ದಕ್ಕೆ ಕೆಂಪು. ಒಟ್ಟು ಹನ್ನೊಂದು ಅರ್ಥ. ಅದರಲ್ಲಿ ಹಸಿರು ಆರು, ಕೆಂಪು ಐದು. "ಬಹುಮತ ಐತಿ," ಎಂದು ಅದನ್ನು ತಂದು ಫ್ರಿಜ್ಜಿನ ಮೇಲೆ ನನ್ನ ಪಟ್ಟಿ ಮುಚ್ಚುವಂತೆ ಅಂಟಿಸಿದರು.

ನಮ್ಮ ಮನೆಯ ಒಡತಿ ಅನುಸೂಯಮ್ಮ ನೆಲಮಹಡಿಯಲ್ಲಿರುತ್ತಾರೆ. ಕುಂದಲಹಳ್ಳಿ ಹೊಲಗದ್ದೆಯಾಗಿದ್ದ ಕಾಲದಿಂದಲೂ ಅಲ್ಲಿಯವರು. ಈಗಿನ ಪಾರ್ಕಿಂಗ್ ಜಾಗದಲ್ಲಿ ಮುಂಚೆ ಅವರ ರಾಗಿ ಕಣವಿತ್ತು. ಕಣದಲ್ಲಿ ಜೊಳ್ಳು ತೂರಿದ ಕಣ್ಣು ಅವರದು. ಬಾಣಂತಿಗೆಂದು ಸಬ್ಬಸಿಗೆ ಸೊಪ್ಪು ಕೊಡಲು ಬಂದವರು ಕೋಷ್ಟಕವನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದರು. ಅವರಿಗೆ ಓದಲು ಬರುವುದಿಲ್ಲ. ಬಣ್ಣ ಎಣಿಸಿದರು.

"ಇದೆಲ್ಲಾ ಒಂದೇ ಮಾತ್ಗೆ ನಿನ್ ಗಂಡ ಏಳಿರೋ ಅರ್ಥವಾ?"

"ಹೌದು ಅನುಸೂಯಮ್ಮ."

"ನಾನೊಂದ್ ಮಾತ್ ಏಳ್ತೀನಿ, ಬ್ಯಾಜಾರ್ ಮಾಡ್ಕೋಬ್ಯಾಡ ಕಣವ್ವ. ಗಂಡುಸ್ರು ಒಂದಕ್ಕೆ ಒಂದ್ ಅರ್ಥ ಏಳುದ್ರೆ ಅದು ಮಾತು. ಅನ್ನೊಂದು ಏಳುದ್ರೆ ಅದು ಎಂಗ್ಸು."

ಅತ್ತೆಯ ಕೈಯಲ್ಲಿದ್ದ ಧೂಪದ ಬುಟ್ಟಿ ನಿಂತಿತು.

"ಇರಾ ಅಂದ್ರೆ ಏನು ಅಂತ ಕೇಳ್ತಾ ಕುಂತಿದೀಯಲ್ಲ, ಅದೇ ತಪ್ಪು. ಇರಾ ಅಂದ್ರೆ ಯಾರು ಅಂತ ಕೇಳು."

ಸತ್ಯವಾಗಿ ಹೇಳುತ್ತೇನೆ, ಅಲ್ಲಿಯವರೆಗೆ ನನಗೆ ಆ ಯೋಚನೆ ಬಂದಿರಲಿಲ್ಲ. ಬಂದ ಮೇಲೆ ಬೇರೆ ಯೋಚನೆಯೇ ಬರಲಿಲ್ಲ. ನಾಮಕರಣಕ್ಕೆ ಇನ್ನು ಹತ್ತು ದಿನ. ಆ ಭಾನುವಾರ ಮೂರು ಊರಿನ ನೆಂಟರ ಎದುರು ಈ ಹೆಸರನ್ನು ನನ್ನ ಮಗಳ ಕಿವಿಯಲ್ಲಿ ಹೇಳುತ್ತಾರೆ. ಆಮೇಲೆ ಸಾಯುವವರೆಗೆ ನಾನು ಅದನ್ನೇ ಕೂಗಬೇಕು. ಯಾವಳೋ ಒಬ್ಬಳ ಹೆಸರನ್ನು ಹಾಲು ಕುಡಿಸುತ್ತಾ ಕೂಗುವವಳು ನಾನಲ್ಲ. ಅದು ಎಲ್ಲಿಂದ ಬಂತೆಂದು ಭಾನುವಾರದೊಳಗೆ ನನಗೆ ಗೊತ್ತಾಗಲೇಬೇಕು.

ಒಂದು ಒಳ್ಳೆಯದಾಯಿತು. ಅತ್ತೆಯ ಅನುಮಾನ ನನ್ನನ್ನು ಬಿಟ್ಟು ಮಗನ ಮೇಲೆ ಕೂತಿತು. ಅಂದಿನಿಂದ ನನ್ನ ಅಂಟಿನುಂಡೆಗೆ ತುಪ್ಪ ಜಾಸ್ತಿಯಾಯಿತು, ಶಿವರಾಜರ ರೊಟ್ಟಿಗೆ ಬೆಣ್ಣೆ ನಿಂತಿತು. "ಅವ್ವಾ, ಬೆಣ್ಣಿ?" ಎಂದರೆ, "ರಷ್ಯಾದಾಗ ತಿನ್ನಂಗಿಲ್ಲಂತ," ಎನ್ನುತ್ತಿದ್ದರು.

ಸಾಕ್ಷಿ ಸಿಕ್ಕಿದ್ದು ಮುಂದಿನ ವಾರದ ಸೋಮವಾರ. ಶಿವರಾಜ್ ಸ್ನಾನಕ್ಕೆ ಹೋಗಿದ್ದರು. ಈ ಸಲ ಫೋನು ಹೊರಗಿತ್ತು, ಚಾರ್ಜಿಗೆ. ಅದು ಒಂದೇ ಸಮನೆ ಗುಂಯ್‌ಗುಟ್ಟತೊಡಗಿತು. "ಕೂಸು ಎದ್ದೀತು, ಅದನ್ನೊಂದ್ ನೋಡು," ಎಂದು ಅತ್ತೆಯೇ ತಂದು ನನ್ನ ಕೈಗೆ ಕೊಟ್ಟರು. ಅತ್ತೆಯ ಮಾತು ಮೀರುವ ಸೊಸೆ ನಾನಲ್ಲ.

ವಾಟ್ಸಾಪಿನಲ್ಲಿ ಒಂದು ಗುಂಪು. ಗುಂಪಿನ ಹೆಸರು: ಇರಾ. ಸದಸ್ಯರು ಐದು ಮಂದಿ. ಐವರೂ ಗಂಡಸರು.

ಸೊಪ್ಪಿನ ನೆಪದಲ್ಲಿ ಬಂದಿದ್ದ ಅನುಸೂಯಮ್ಮನಿಗೆ ಕೇಳುವಷ್ಟು ಗಟ್ಟಿಯಾಗಿ ಓದಿದೆ.

ಮುರಳಿ ಎಂಬುವನು ಬರೆದಿದ್ದ: "ಗುರು, ಇರಾ ವಿಷಯ ಯಾರೂ ಮನೇಲಿ ಬಾಯಿ ಬಿಡ್ಬೇಡಿ. ಗೊತ್ತಾದ್ರೆ ನಮ್ಮವಳು ನನ್ನ ಮನೆಗೇ ಸೇರ್ಸಲ್ಲ."

ಭಾನುಪ್ರಕಾಶ್ ಎಂಬುವನು: "ನಮ್ಮಮ್ಮಂಗೆ ಡೌಟ್ ಬಂದಿದೆ. ಇಸ್ರೇಲ್ ಅಂತ ಹೇಳಿ ಮ್ಯಾನೇಜ್ ಮಾಡಿದೀನಿ."

ಇನ್ನೊಬ್ಬ: "ನಾನು ರಷ್ಯಾ ಅಂದೆ."

ಮತ್ತೊಬ್ಬ: "ನಾನು ರಾತ್ರಿ ಅಂತ ಹೇಳಿ ತಪ್ಪಿಸ್ಕೊಂಡೆ."

ಅದರ ಕೆಳಗೆ ನನ್ನ ಪತಿದೇವರು: "ನಾನು ಎಲ್ಲಾ ಹೇಳಿದೆ. ಯಾವುದೂ ನಡೀಲಿಲ್ಲ."

ಅನುಸೂಯಮ್ಮ ಸೆರಗನ್ನು ಬಾಯಿಗೆ ಹಿಡಿದರು. "ರಷ್ಯಾದವ್ಳಾ? ಇಸ್ರೇಲಿಗೂ ಓಗಿದ್ದಾಳಾ? ಅಲ್ಲ ಕಣವ್ವ, ಐದ್ ಜನ ಗಂಡುಸ್ರು, ಒಬ್ಳೇ ಇರಾ. ಇದು ದ್ರೌಪದಿ ಕತೆ ಆಯ್ತಲ್ಲ!"

"ದ್ರೌಪದಿ ಮದಿವಿ ಆಗಿದ್ಲು," ಎಂದರು ಅತ್ತೆ ಖಾರವಾಗಿ.

ಕೊನೆಯ ಸಂದೇಶ ಇನ್ನೂ ಬಿಸಿಯಾಗಿತ್ತು. ಮುರಳಿಯದೇ. "ಬುಧವಾರ ಆಸ್ಪತ್ರೇಲಿ ಯಾರೂ ಒಟ್ಟಿಗೆ ಬರ್ಬೇಡಿ. ನಂದು ಹತ್ತೂವರೆ. ಭಾನು ಹನ್ನೊಂದೂವರೆ. ಶಿವರಾಜ್ ಸಾರ್ ಹನ್ನೆರಡರ ಮೇಲೆ. ಒಬ್ಬರ ಮುಖ ಒಬ್ಬರು ನೋಡ್ಬಾರ್ದು."

ಬುಧವಾರ ಮಗುವಿಗೆ ಆರು ವಾರದ ಲಸಿಕೆ. ಹೆತ್ತ ಆಸ್ಪತ್ರೆಯಲ್ಲೇ. ಅಂದರೆ ಆ ಇರಾ ಅಲ್ಲೇ ಕೆಲಸ ಮಾಡುವವಳು! ನರ್ಸೋ, ಡಾಕ್ಟರೋ? ನಾನು ಒಳಗೆ ನೋವು ತಿನ್ನುತ್ತಿದ್ದಾಗ ಇವರು ಹೊರಗೆ... ಬಚ್ಚಲಿನಲ್ಲಿ ನೀರು ನಿಂತಿತು. ನಾನು ಎದ್ದೆ. ಅನುಸೂಯಮ್ಮ ರಟ್ಟೆ ಹಿಡಿದು ಕೂರಿಸಿದರು.

"ಈಗ ಕೇಳ್ಬ್ಯಾಡ. ಕೇಳುದ್ರೆ ಇನ್ನೊಂದ್ ಭಾಷೆ ಬರ್ತದೆ. ಕೈಯಾರೆ ಇಡ್ಕೋಬೇಕು."

ಮಂಗಳವಾರ ಮಾವನವರು ರೈಲಿನಲ್ಲಿ ಬಂದಿಳಿದರು. ಚೀಲದಲ್ಲಿ ಎರಡು ಜೊತೆ ಧೋತರ, ಒಂದು ನಿಘಂಟು. ಬುಧವಾರ ಬೆಳಿಗ್ಗೆ ಎಂಟಕ್ಕೆ ನಾನು ಮಗುವನ್ನು ಟವೆಲಿನಲ್ಲಿ ಸುತ್ತಿದಾಗ ಶಿವರಾಜ್ ಬೆಚ್ಚಿಬಿದ್ದರು.

"ಇಷ್ಟ್ ಲಗೂನ ಯಾಕ? ಹನ್ನೆರಡರ ಮ್ಯಾಲ ಹೋಗೂಣು, ಗದ್ದಲ ಇರಂಗಿಲ್ಲ."

"ಬುಧವಾರ ಹನ್ನೆರಡಕ್ಕ ರಾಹುಕಾಲ ಹತ್ತತೈತಿ," ಎಂದರು ಅತ್ತೆ. "ಕೂಸಿಗೆ ರಾಹುಕಾಲದಾಗ ಸೂಜಿ ಚುಚ್ಚಸ್ತೀಯೇನು?"

"ರಾಹುಕಾಲ ಎಲ್ಲಾ ಮೂಢನಂಬಿಕೆ ಅವ್ವಾ..."

"ಹೌದಪಾ. ಕೋಷ್ಟಕ ಮಾಡು, ಯಾವ ದೇಶದಾಗ ಏನಂತಾರ ನೋಡೂಣು."

ಎರಡು ಆಟೋಗಳಲ್ಲಿ ಹೊರಟೆವು. ಮೊದಲನೆಯದರಲ್ಲಿ ನಾನು, ಮಗು, ಅತ್ತೆ, ಅನುಸೂಯಮ್ಮ. ಹಿಂದಿನದರಲ್ಲಿ ಮಾವನವರು, ಅವರ ಕಾವಲಿನಲ್ಲಿ ಶಿವರಾಜ್. ಒಂಬತ್ತೂ ಐದಕ್ಕೆ ಮಕ್ಕಳ ವಿಭಾಗದ ಹಾಲಿನೊಳಗೆ ಕಾಲಿಟ್ಟಾಗ ನನಗೆ ಆಶ್ಚರ್ಯವಾಯಿತು. ಅಷ್ಟು ಹೊತ್ತಿಗೇ ಕುರ್ಚಿಗಳು ತುಂಬಿದ್ದವು. ಪ್ರತಿ ಮಗುವಿನ ಹಿಂದೆ ಒಂದು ದಂಡು. ಪ್ರತಿ ದಂಡಿನಲ್ಲೂ ನೆಟ್ಟ ಕಣ್ಣಿನ ಒಬ್ಬ ಹೆಂಗಸು, ಪಕ್ಕದಲ್ಲಿ ಕಚ್ಚಲು ತಯಾರಾದ ಒಬ್ಬ ಹಿರಿಯಾಕೆ, ತುದಿಯಲ್ಲಿ ಬೆವರುವ ಒಬ್ಬ ಗಂಡಸು. ಆ ತಾಯಂದಿರು ಬಾಗಿಲಲ್ಲಿ ಬರುವ ಪ್ರತಿ ನರ್ಸನ್ನೂ ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದರು. ನಾನೂ ಅದನ್ನೇ ಮಾಡುತ್ತಿದ್ದೇನೆಂದು ಆಮೇಲೆ ಹೊಳೆಯಿತು.

ಶಿವರಾಜ್ ಒಳಗೆ ಬಂದರು. ಕನ್ನಡಕದ ಒಬ್ಬ ತರುಣ ಅವರನ್ನು ಕಂಡು ತಟ್ಟನೆ ಫ್ಯಾನು ನೋಡತೊಡಗಿದ. ಇವರು ಅಗ್ನಿಶಾಮಕದ ಬಾಟಲಿ ಓದತೊಡಗಿದರು. ಆಗ ಹಾಲಿನ ನಾಲ್ಕು ಮೂಲೆಗಳಲ್ಲಿ ನಾಲ್ಕು ಫೋನು ಒಟ್ಟಿಗೆ ಗುಂಯ್ ಎಂದವು. ನಾಲ್ಕು ಗಂಡಸರ ಕೈ ಒಟ್ಟಿಗೆ ಜೇಬಿಗೆ ಹೋದವು; ಐದನೆಯವನ ಫೋನು ಆಗಲೇ ಕೈಯಲ್ಲಿತ್ತು.

ಅನುಸೂಯಮ್ಮ ನನ್ನ ಪಕ್ಕೆಗೆ ತಿವಿದರು. "ಎಣಿಸ್ದೆ. ಐದು."

ನರ್ಸ್ ಬಾಗಿಲಲ್ಲಿ ನಿಂತು ಕೂಗಿದಳು: "ಇರಾ!"

ನಾನು ಎದ್ದೆ. ಹಿಂದೆ ಒಂದು ಕುರ್ಚಿ ಸರಿಯಿತು. ಎಡಕ್ಕೆ ಒಂದು, ಎದುರಿಗೆ ಒಂದು, ಕಿಟಕಿಯ ಬಳಿ ಒಂದು. ಐದು ತಾಯಂದಿರು ಐದು ಮಕ್ಕಳನ್ನೆತ್ತಿಕೊಂಡು ನಿಂತಿದ್ದೆವು.

"ಒಂದು ಇರಾ ಬನ್ನಿ ಸಾಕು," ಎಂದಳು ನರ್ಸ್.

"ನಮ್ಮದೇ," ಎಂದಳು ಕಿಟಕಿಯ ಬಳಿಯ ಹುಡುಗಿ. "ನಾನು ಲಾವಣ್ಯ, ಹತ್ತೂವರೆ ಅಪಾಯಿಂಟ್‌ಮೆಂಟು, ಬೇಗ ಬಂದೆ. ಇರಾ ನಮ್ಮ ಪಾಪು ಹೆಸರು."

"ನಮ್ಮ ಪಾಪು ಹೆಸ್ರೂ ಅದೇ," ಎಂದಳು ಎಡಗಡೆಯ ಮಲಯಾಳಿ ತಾಯಿ. "ರಷ್ಯನ್. ಶಾಂತಿ ಅಂತ ಅರ್ಥ."

"ತಮಿಳು," ಎಂದಳು ಹಿಂದಿನವಳು. "ರಾತ್ರಿ. ನಮ್ಮೆಜಮಾನ್ರೇ ಸೆಲೆಕ್ಟ್ ಮಾಡಿದ್ದು. ಆದ್ರೆ ಪಾಪು ಹುಟ್ಟಿದ್ದು ಬೆಳಿಗ್ಗೆ ಹನ್ನೊಂದಕ್ಕೆ, ಅದೊಂದೇ ನಂಗೆ ಅರ್ಥ ಆಗಿಲ್ಲ."

ಎದುರಿನವಳ ಮಗು ನೀಲಿ ಟೋಪಿ ಹಾಕಿತ್ತು. ಅದರ ಅಜ್ಜಿ, ಜಿಗಣಿಯ ಈಶ್ವರಮ್ಮ, ಎದ್ದು ಸೊಂಟಕ್ಕೆ ಕೈಯಿಟ್ಟರು. "ನಮ್ದು ಗಂಡ್ ಮಗ ಕಣ್ರಮ್ಮ! ಇಸ್ರೇಲಲ್ಲಿ ಗಂಡುಸ್ರಿಗೆ ಇಡ್ತಾರಂತೆ, ಎಚ್ಚರವಾಗಿರೋನು ಅಂತ. ನನ್ ಮಗ ಭಾನು ಹೇಳ್ದ." ಎಚ್ಚರವಾಗಿರುವವನು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ.

ರಷ್ಯಾ. ರಾತ್ರಿ. ಇಸ್ರೇಲ್. ನಾನು ಅತ್ತೆಯನ್ನು ನೋಡಿದೆ, ಅತ್ತೆ ಅನುಸೂಯಮ್ಮನನ್ನು ನೋಡಿದರು, ಅನುಸೂಯಮ್ಮ ಐದು ಗಂಡಸರನ್ನು ನೋಡಿದರು. ಐವರೂ ಈಗ ಒಂದೇ ಅಗ್ನಿಶಾಮಕದ ಬಾಟಲಿ ಓದುತ್ತಿದ್ದರು.

"ಮುರಳೀ," ಎಂದಳು ಲಾವಣ್ಯ. ದನಿ ಎತ್ತರವಿರಲಿಲ್ಲ. ಕನ್ನಡಕದ ತರುಣ ಸಣ್ಣಗಾದ.

"ಅದು... ಲಾವಣ್ಯಾ, ಅವತ್ತು ಇಲ್ಲೇ ಕೂತಿದ್ವಿ. ಬರ್ತ್ ಸರ್ಟಿಫಿಕೇಟ್ ಫಾರಂ ಫೋನಿಗೆ ಕಳಿಸಿದ್ರು, ಸಂಜೆ ಐದರೊಳಗೆ ತುಂಬಿ ಕಳ್ಸಿ ಅಂದ್ರು. ಎರಡು ದಿನ ಯಾರಿಗೂ ನಿದ್ದೆ ಇಲ್ಲ. ನಾನು ಮೊದ್ಲು ತುಂಬಿ ಮುಗಿಸ್ದೆ. ಇವ್ರೆಲ್ಲಾ ಕಷ್ಟಪಡ್ತಿದ್ರು. ಅದಕ್ಕೆ ನಂದನ್ನೇ ಎಲ್ಲರಿಗೂ ಫಾರ್ವರ್ಡ್ ಮಾಡಿ, ನಿಮ್ ನಿಮ್ ಹೆಸರು ಬದ್ಲಾಯಿಸ್ಕೊಂಡು ಕಳ್ಸಿ ಅಂದೆ. ನಮ್ಮ ಆಫೀಸಲ್ಲಿ ಹಂಗೇ ಮಾಡೋದು."

"ನಮ್ಮಲ್ಲೂ," ಎಂದ ಭಾನುಪ್ರಕಾಶ್.

"ಎಲ್ಲಾ ಕಂಪನೀಲೂ," ಎಂದರು ಶಿವರಾಜ್. ಎರಡು ಬಡ್ತಿಯ ಹೆಮ್ಮೆ ಆ ಗಳಿಗೆಯಲ್ಲೂ ಅವರ ದನಿಯಲ್ಲಿ ಇಣುಕಿತು.

"ಬದಲಾಯಿಸಿದ್ರಲ್ಲ?" ಎಂದೆ.

"ತಂದಿ ಹೆಸರು ಬದಲಿ ಮಾಡಿದೆ, ತಾಯಿ ಹೆಸರು ಬದಲಿ ಮಾಡಿದೆ. ವಿಳಾಸ, ಪಿನ್‌ಕೋಡ್ ಎಲ್ಲಾ ಮಾಡಿದೆ."

"ಮಗುವಿನ ಹೆಸರು?"

ಶಿವರಾಜ್ ಅಗ್ನಿಶಾಮಕದ ಬಾಟಲಿಯತ್ತ ತಿರುಗಿದರು. "ಅದು ಎರಡನೇ ಪುಟದಾಗ ಇತ್ತು."

ಮೂರು ವಾರ ನಾನು ಹುಡುಕಿದ ಉತ್ತರ ಇಷ್ಟೇ. ಇರಾ ಎಂಬ ಹೆಂಗಸು ರಷ್ಯಾದಲ್ಲಿಲ್ಲ, ಇಸ್ರೇಲಿನಲ್ಲಿಲ್ಲ, ಈ ಆಸ್ಪತ್ರೆಯಲ್ಲೂ ಇಲ್ಲ. ಎರಡನೇ ಪುಟವೊಂದು ಇದೆ, ಅದನ್ನು ಗಂಡಸರು ಓದುವುದಿಲ್ಲ. ಸಮಾಧಾನದಿಂದ ನನಗೆ ಅಳು ಬಂತು; ಅದರ ಹಿಂದೆಯೇ ಸ್ಪ್ಯಾನಿಷ್ ಅರ್ಥವೂ ಬಂತು. "ಅವತ್ತs ತಪ್ಪಾತು ಅಂತ ಹೇಳಿದ್ರ ಏನಾಗ್ತಿತ್ರಿ?"

"ಮೊದಲನೇ ಮಗು. ಅದಕ್ಕೂ ಕಾಪಿ ಹೊಡದ್ರಿ ಅಂತಿದ್ದಿ," ಎಂದರು. ಅನ್ನುತ್ತಿದ್ದೆ, ಸುಳ್ಳಲ್ಲ.

ಮಾವನವರು ಮಾತ್ರ ಪ್ರಸನ್ನರಾಗಿದ್ದರು. "ಅಂತೂ ಈ ಹೆಸರಿಗೆ ಬೇರು ಇಲ್ಲ ಅಂದಂಗಾತು. ಬರ್ರಿ, ತಿದ್ದಿಸೂಣು. ಸಿದ್ದಮ್ಮ."

"ತಿದ್ದಂಗಿಲ್ಲ," ಎಂದರು ಅತ್ತೆ.

ಎಲ್ಲರೂ ತಿರುಗಿದೆವು. ಅತ್ತೆ ಮಾವನವರ ಎದುರು ಹೀಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ, ಮಾವನವರೂ ಕೇಳಿದಂತಿರಲಿಲ್ಲ.

"ಈ ಹೆಸರಿನ ಸಲುವಾಗಿ ನಾ ಸೊಸಿ ಮ್ಯಾಲ ಸಂಶೇ ಪಟ್ಟೆ, ಮಗಗ ಬೆಣ್ಣಿ ಬಂದ್ ಮಾಡಿದೆ, ಎದುರುಮನಿಯಾಕಿಗೆ ಚಾ ಕೊಡ್ಲಿಲ್ಲ. ಇಷ್ಟೆಲ್ಲಾ ಪಾಪ ಕಟ್ಕೊಂಡು ಈಗ ಬಿಟ್ಟ ಬಿಡೂದೇನು? ಮತ್ತ ಇನ್ನೊಂದು ಮಾತು. ನಲವತ್ತು ವರ್ಷಾತು, ಸಿದ್ದಮ್ಮ ಅಂತ ಯಾರರ ಅಂದ್ರ ಇವತ್ತಿಗೂ ನನ್ನ ಕಾಲು ತಾವs ಎದ್ದು ನಿಲ್ತಾವು. ತೊಟ್ಟಲದಾಗ ಮತ್ತೊಬ್ಬ ಅತ್ತಿ ನನಗ ಬ್ಯಾಡ."

ಮಾವನವರು ಆಸ್ಪತ್ರೆಗೂ ತಂದಿದ್ದ ಚೀಲದಲ್ಲಿನ ನಿಘಂಟನ್ನು ಮುಟ್ಟಿ ನೋಡಿಕೊಂಡರು.

ಆ ಮಾತು ಕೇಳಿ ಮಲಯಾಳಿ ತಾಯಿಗೂ ಬಲ ಬಂತು. ಬೇಟೆಯ ಹೆಸರೆಂದು ಅವಳ ತಾಯಿ ಮೂರು ವಾರದಿಂದ ಮಾತು ಬಿಟ್ಟಿದ್ದರಂತೆ. "ಈಗ ಬದಲಾಯಿಸಿದ್ರೆ ಅಮ್ಮ ಗೆದ್ದ ಹಾಗೆ," ಎಂದಳು. ತಮಿಳು ತಾಯಿಯ ಬಳಿ ಹೆಸರು ಕೆತ್ತಿಸಿದ ಬೆಳ್ಳಿ ಲೋಟವಿತ್ತು. ಈಶ್ವರಮ್ಮ ಜಿಗಣಿಯ ಮನೆಮನೆಗೂ ಪೇಡೆ ಹಂಚಿ, ಇಸ್ರೇಲಿನ ವಿಷಯ ಎಲ್ಲರಿಗೂ ಬಿಡಿಸಿ ಹೇಳಿ ಬಂದಿದ್ದರು. ಈಗ ಹೋಗಿ ಅದು ಎರಡನೇ ಪುಟ ಎನ್ನುವುದು ಹೇಗೆ? ನಕಲು ಹೊಡೆದ ನಾಲ್ಕು ಮನೆಯವರೂ ಹೆಸರನ್ನು ಬಿಗಿಯಾಗಿ ಹಿಡಿದುಕೊಂಡೆವು.

ಆಗ ಲಾವಣ್ಯ ಮಗುವನ್ನು ಮುರಳಿಯ ಕೈಗಿತ್ತು ದಾಖಲೆಗಳ ಕೌಂಟರಿಗೆ ನಡೆದಳು. ಬಸುರಿಯಾಗಿದ್ದ ಒಂಬತ್ತು ತಿಂಗಳೂ ಪುಸ್ತಕ ತಿರುವಿ, ಭೂಮಿ ಎಂಬ ಅರ್ಥ ಮೆಚ್ಚಿ, ಊರಿನಲ್ಲಿ ಯಾರಿಗೂ ಇರಬಾರದೆಂದು ಆರಿಸಿದವಳು ಅವಳೊಬ್ಬಳೇ. ಕೌಂಟರಿನಲ್ಲಿದ್ದ ಮಡಿವಾಳಪ್ಪ ಎಂಬ ಗುಮಾಸ್ತರು ತಿದ್ದುಪಡಿ ಅರ್ಜಿ ಕೊಟ್ಟು, "ಹೆಸರು ಬದಲಾವಣೆಗೆ ಕಾರಣ ಬರೀಬೇಕು ಮೇಡಂ. ಕಾರಣಕ್ಕೆ ತಕ್ಕ ದಾಖಲೆ ಲಗತ್ತಿಸಬೇಕು," ಎಂದರು. ಲಾವಣ್ಯ ಕಾರಣದ ಜಾಗದಲ್ಲಿ ಎರಡಕ್ಷರಕ್ಕಿಂತ ಹೆಚ್ಚು ಬರೆಯಲಿಲ್ಲ. ಮಡಿವಾಳಪ್ಪ ಕನ್ನಡಕ ಏರಿಸಿ ಓದಿದರು: "ಗಂಡ."

ಅವರು ಹಾಲಿನ ಕಡೆಗೆ ಕತ್ತು ಚಾಚಿ ಮುರಳಿಯನ್ನೊಮ್ಮೆ ನೋಡಿದರು. "ದಾಖಲೆ ಬೇಡ," ಎಂದು ಮೊಹರು ಒತ್ತಿದರು.

"ಹೊಸ ಹೆಸರು ಏನಿಟ್ರಿ?" ಎಂದು ಕೇಳಿದೆ.

"ಯಾರಿಗೂ ಹೇಳಲ್ಲ. ಮುರಳಿಗೂ ಹೇಳಲ್ಲ, ಸರ್ಟಿಫಿಕೇಟ್ ಕೈಗೆ ಬರೋವರೆಗೂ. ಅವನ ಫೋನಲ್ಲಿ ಫಾರ್ವರ್ಡ್ ಬಟನ್ ಇದೆ."

ಭಾನುವಾರ ನಾಮಕರಣ ನಡೆಯಿತು. ಉಳಿದ ಮೂರು ಮನೆಯವರೂ ಬಂದಿದ್ದರು, ಲಾವಣ್ಯಳೂ ಬಂದಿದ್ದಳು. ನಮ್ಮ ಕಡೆ ಕೂಸಿನ ಸೋದರತ್ತೆ ತೊಟ್ಟಿಲೊಳಗೆ ಬಾಗಿ, ಕಿವಿಯಲ್ಲಿ "ಕುರ್ರ್" ಎಂದು ಹೆಸರು ಹೇಳುತ್ತಾಳೆ. ಸುತ್ತ ನಿಂತ ಹೆಂಗಸರು ನಗುತ್ತಾ ಅವಳ ಬೆನ್ನಿಗೆ ಗುದ್ದುತ್ತಾರೆ. ನನ್ನ ನಾದಿನಿ ಬೆನ್ನಿಗೆ ದಪ್ಪ ಶಾಲು ಹೊದ್ದು ತಯಾರಾಗಿಯೇ ಬಂದಿದ್ದಳು. ಬಾಗಿದಳು, "ಕುರ್ರ್, ಇರಾ" ಎಂದಳು, ಕಣ್ಣು ಮುಚ್ಚಿ ಕಾದಳು. ಒಂದು ಗುದ್ದೂ ಬೀಳಲಿಲ್ಲ. ತಲೆಯೆತ್ತಿ ನೋಡಿದರೆ ಅನುಸೂಯಮ್ಮ, ಈಶ್ವರಮ್ಮ, ಲಾವಣ್ಯ, ಅತ್ತೆ, ನಮ್ಮ ಅಕ್ಕ ಎಲ್ಲರೂ ಆಚೆ ಮೂಲೆಯಲ್ಲಿ ನೆಂಟರೊಬ್ಬರಿಗೆ ಗ್ರೀಕ್ ಮೂಲ ವಿವರಿಸುತ್ತಿದ್ದ ಶಿವರಾಜರ ಹಿಂದೆ ಸಾಲಾಗಿ ನಿಂತಿದ್ದರು. ಶಾಲು ಇಲ್ಲದ ಬೆನ್ನು. ನಾನು ಬಾಣಂತಿ, ಓಡಬಾರದು; ಆದರೂ ಮೂರನೆಯ ಗುದ್ದು ನನ್ನದೇ.